ನಮ್ಮ ಹೆಂಗಸರ ನಗು ಯಾರಿಗೆ ಕೇಳಿಸಿತು?

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂತು. ಆಮೇಲೆ ಬಂದ ಲೇಖನ, ಭಾಷಣ, ಅಭಿನಂದನೆಗಳನ್ನೆಲ್ಲ ಓದಿದರೆ ಒಂದು ಪದ ಪದೇ ಪದೇ ಕಣ್ಣಿಗೆ ಬೀಳುತ್ತದೆ: ನೋವು. ಮುಸ್ಲಿಂ ಹೆಣ್ಣಿನ ನೋವು, ಪರದೆಯ ಹಿಂದಿನ ನೋವು, ಮೂಕ ನೋವು. ಅದು ಸುಳ್ಳೇನಲ್ಲ. ಆ ಕಥೆಗಳಲ್ಲಿ ಗಂಡ ಕೈಬಿಟ್ಟ ಹೆಂಗಸು ಇದ್ದಾಳೆ, ಔಷಧಿಯಿಲ್ಲದೆ ಸಾಯುವ ಮಗು ಇದೆ, ಮೈಮೇಲೆ ಸೀಮೆಎಣ್ಣೆ ಸುರಿದುಕೊಂಡ ತಾಯಿ ಇದ್ದಾಳೆ. ಆದರೆ ಅದೇ ಪುಸ್ತಕದಲ್ಲಿ ಓದುಗರು ನಡುನಡುವೆ ಗಟ್ಟಿಯಾಗಿ ನಗುವ ಹಾಗೆ ಬರೆದ ಪುಟಗಳೂ ಇವೆ. ಬಹುಮಾನ ಕೊಟ್ಟ ತೀರ್ಪುಗಾರರು ಆ ಚಾಟೂಕ್ತಿಯನ್ನು ಗುರುತಿಸಿ ಹೊಗಳಿದರು. ನಮ್ಮಲ್ಲಿ ಮಾತ್ರ ಅದರ ಬಗ್ಗೆ ಮಾತಾಡಿದವರು ಕಡಿಮೆ.

ಇದು ಸಣ್ಣ ವಿಷಯ ಅಂತ ನನಗನ್ನಿಸುವುದಿಲ್ಲ. ಒಬ್ಬ ಹೆಂಗಸು ಅಳುತ್ತಿದ್ದರೆ ಅವಳ ಮೇಲೆ ಕನಿಕರ ಪಡುವುದು ಸುಲಭ. ಅವಳೇ ತನ್ನ ಮನೆಯನ್ನು, ಗಂಡನನ್ನು, ಮೊಹಲ್ಲಾವನ್ನು, ಕೊನೆಗೆ ತನ್ನನ್ನೂ ನೋಡಿ ನಕ್ಕಳು ಅಂದರೆ ಅವಳಿಗೆ ಬುದ್ಧಿಯಿದೆ, ಅಳತೆಗೋಲಿದೆ ಅಂತ ಒಪ್ಪಿಕೊಳ್ಳಬೇಕಾಗುತ್ತದೆ. ನೋವನ್ನು ಮಾತ್ರ ಓದುವವರು ಈ ಎರಡನೆಯ ಕೆಲಸದಿಂದ ತಪ್ಪಿಸಿಕೊಳ್ಳುತ್ತಾರೆ. ಆದ್ದರಿಂದ ಈ ಲೇಖನದಲ್ಲಿ ನಗುವಿನ ಕಡೆಯಿಂದಲೇ ಆ ಕಥೆಗಳನ್ನು ನೋಡೋಣ.

ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಸಂಕಲನದ 12 ಕಥೆಗಳಲ್ಲಿ ‘ಕೆಂಪು ಲುಂಗಿ’ ಒಂದು. ಬೇಸಿಗೆ ರಜೆ, ಮನೆತುಂಬ ಮಕ್ಕಳು. ತನ್ನವು, ಮೈದುನಂದಿರವು, ನಾದಿನಿಯರವು, ಎಲ್ಲ ಸೇರಿ ಒಂದು ಸಂತೆ. ರಜಿಯಾಳಿಗೆ ತಲೆನೋವು. ಈ ಗದ್ದಲಕ್ಕೆ ಅವಳು ಕಂಡುಕೊಳ್ಳುವ ಪರಿಹಾರ ಏನು ಗೊತ್ತಾ? ಗಂಡು ಮಕ್ಕಳಿಗೆ ಖತ್ನಾ ಮಾಡಿಸಿಬಿಡುವುದು. ಕೆಲವು ದಿನವಾದರೂ ಹಾಸಿಗೆ ಹಿಡಿದು ಮಲಗಿರುತ್ತವಲ್ಲ! ಧಾರ್ಮಿಕ ವಿಧಿಯೊಂದು ಮನೆಯೊಡತಿಯ ತಲೆನೋವಿನ ಮಾತ್ರೆಯಾಗುವ ಈ ಜಾಗದಲ್ಲಿ ಯಾವ ತಾಯಿ ನಗುವುದಿಲ್ಲ ಹೇಳಿ. ಅವಳಿಗೆ ಧರ್ಮದ ಬಗ್ಗೆ ಅಗೌರವ ಇದೆ ಅಂತ ಯಾರೂ ಹೇಳಲಾರರು. ಅವಳಿಗೆ ಬೇಕಾಗಿರುವುದು ಒಂದು ಮಧ್ಯಾಹ್ನದ ನಿದ್ದೆ, ಅಷ್ಟೆ.

ನಗು ಅಲ್ಲಿಗೇ ನಿಂತಿದ್ದರೆ ಅದು ವಾರಪತ್ರಿಕೆಯ ಒಳ್ಳೆಯ ಹಾಸ್ಯ ಬರಹವಾಗುತ್ತಿತ್ತು. ಬಾನು ಮುಂದಕ್ಕೆ ಹೋಗುತ್ತಾರೆ. ಊರಿನ ಬಡ ಮಕ್ಕಳಿಗೂ ಸಾಮೂಹಿಕ ಖತ್ನಾದ ಏರ್ಪಾಡಾಗುತ್ತದೆ. ಅವರಿಗೆ ಹಜಾಮನ ಕತ್ತಿ, ಒಂದೊಂದು ಕೆಂಪು ಲುಂಗಿ. ಮನೆಯ ಮಕ್ಕಳಿಗೆ ಡಾಕ್ಟರು, ಅರಿವಳಿಕೆ. ಕೊನೆಗೆ ಬಡವರ ಹುಡುಗ ಬೇಗ ಓಡಾಡುತ್ತಾನೆ, ಇವಳ ಮಗನ ಗಾಯ ಕೀವಾಗಿ ನರಳುತ್ತಾನೆ. ಕಥೆ ಇಲ್ಲಿ ಉಪದೇಶಕ್ಕೆ ಇಳಿಯುವುದಿಲ್ಲ. ಮೊದಲ ಪುಟದಲ್ಲಿ ನಾವು ನಕ್ಕ ನಗುವೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ತನ್ನ ಮಗನ ಮೈ ಮತ್ತು ಇನ್ನೊಬ್ಬಳ ಮಗನ ಮೈ ಎರಡೂ ಒಂದೇ ಎಂಬ ಸತ್ಯ ರಜಿಯಾಳ ಮುಂದೆ ಬಂದು ನಿಲ್ಲುತ್ತದೆ.

ಹೆಂಗಸು ತನ್ನನ್ನು ತಾನು ಕಂಡುಕೊಳ್ಳುವ ಕಥೆ ಅಂದ ತಕ್ಷಣ ಈಗೀಗ ನಮಗೆ ನೆನಪಾಗುವುದು ಇಂಗ್ಲಿಷಿನ ನಗೆ ಕಾದಂಬರಿಗಳು. ನಾಯಕಿಯ ಸಂಸಾರ ಹಳಿ ತಪ್ಪುತ್ತದೆ, ಅವಳು ಸೂಟ್‌ಕೇಸ್ ಹಿಡಿದು ಇನ್ನೊಂದು ಊರಿಗೆ ಹೊರಡುತ್ತಾಳೆ, ಅಲ್ಲಿ ತನ್ನನ್ನು ಪಡೆದುಕೊಳ್ಳುತ್ತಾಳೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹೊರಡಲು ದುಡ್ಡು ಬೇಕು, ಮಕ್ಕಳನ್ನು ನೋಡಿಕೊಳ್ಳುವವರು ಬೇಕು, ಮರಳಿ ಬಂದರೆ ತೆರೆಯುವ ಬಾಗಿಲು ಬೇಕು. ಬಾನು ಅವರ ಹೆಂಗಸರಿಗೆ ಇದು ಯಾವುದೂ ಇಲ್ಲ. ಅವರು ತಮ್ಮನ್ನು ಕಂಡುಕೊಳ್ಳಬೇಕಾದರೆ ಅದೇ ಅಡುಗೆಮನೆಯಲ್ಲಿ, ಅದೇ ಗದ್ದಲದ ನಡುವೆ, ಕೈಯಲ್ಲಿ ಸೌಟು ಹಿಡಿದೇ ಆಗಬೇಕು. ಹಾಗಾಗಿ ಇಲ್ಲಿ ಕಂಡುಕೊಳ್ಳುವುದು ಅಂದರೆ ಬದುಕು ಬದಲಾಗುವುದು ಅಂತ ಅರ್ಥವಲ್ಲ. ಬಹಳ ಸಲ ಅದು ಒಂದು ಕ್ಷಣ ಪಕ್ಕಕ್ಕೆ ಸರಿದು ನಿಂತು, ‘ಇದೇನಪ್ಪಾ ಈ ನಾಟಕ’ ಅಂತ ನೋಡುವುದು. ಪಕ್ಕಕ್ಕೆ ಸರಿಯಲು ಅವರಿಗಿರುವ ಜಾಗ ನಗು ಮಾತ್ರ.

ಶಾಯಿಸ್ತಾ ಮಹಲಿನ ಕಥೆಯ ಆರಂಭ ನೋಡಿ. ಗಂಡನನ್ನು ಏನಂತ ಕರೆಯಬೇಕು ಎಂಬ ಲೆಕ್ಕಾಚಾರದಲ್ಲಿ ಝೀನತ್ ತೊಡಗುತ್ತಾಳೆ. ಯಜಮಾನ ಅನ್ನಲೋ, ಗಂಡ ಅನ್ನಲೋ, ಒಂದೊಂದು ಪದವನ್ನೂ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ನೋಡುವ ಹಾಗೆ ನೋಡಿ ಬದಿಗಿಡುತ್ತಾಳೆ. ಓದುವಾಗ ತಮಾಷೆ. ಕಥೆಯ ಕೊನೆಗೆ, ಹೆಂಡತಿಗಾಗಿ ಮಹಲು ಕಟ್ಟುವ ಮಾತಾಡಿದ ಇಫ್ತಿಕಾರ್ ಅವಳು ತೀರಿಕೊಂಡ ಕೆಲವೇ ದಿನಗಳಲ್ಲಿ ಇನ್ನೊಂದು ಹುಡುಗಿಯನ್ನು ಮದುವೆಯಾದಾಗ, ಮೊದಲಿನ ಆ ತಮಾಷೆ ಎಷ್ಟು ದೂರಕ್ಕೆ ಕಲ್ಲು ಬೀರಿತ್ತು ಅಂತ ತಿಳಿಯುತ್ತದೆ. ಪದಗಳನ್ನು ಅನುಮಾನಿಸಲು ಕಲಿತವಳು ಪ್ರೇಮದ ದೊಡ್ಡ ಮಾತನ್ನೂ ಅನುಮಾನಿಸಬಲ್ಲಳು.

ಈ ನಗು ಎಲ್ಲಿಂದಲೋ ಒಮ್ಮೆಲೇ ಉದುರಿದ್ದಲ್ಲ. ಕನ್ನಡದಲ್ಲಿ ಹಾಸ್ಯ ಬರೆದ ಹೆಂಗಸರು ಅಂದರೆ ‘ಕೊರವಂಜಿ’ ಓದಿದ ತಲೆಮಾರಿಗೆ ಟಿ. ಸುನಂದಮ್ಮ ನೆನಪಾಗುತ್ತಾರೆ. ಮುಸ್ಲಿಂ ಮನೆಯ ನಗುವಿಗೂ ತನ್ನದೇ ವಂಶಾವಳಿ ಇದೆ, ಮತ್ತು ಅದು ನಮ್ಮಲ್ಲಿ ಹಲವರು ಇಂದು ಬದುಕುತ್ತಿರುವ ಊರುಗಳಲ್ಲೇ ಹಾದುಬಂದಿದೆ. ಬಂಗಾಳದ ಬೇಗಂ ರುಕಯ್ಯಾ ಅವರ ‘ಸುಲ್ತಾನಾಸ್ ಡ್ರೀಮ್’ ಮೊದಲು ಅಚ್ಚಾದದ್ದು 1905ರಲ್ಲಿ, ಮದ್ರಾಸಿನಿಂದ ಬರುತ್ತಿದ್ದ ‘ಇಂಡಿಯನ್ ಲೇಡೀಸ್ ಮ್ಯಾಗಝೀನ್’ನಲ್ಲಿ. ಆ ಕನಸಿನ ನಾಡಿನಲ್ಲಿ ಗಂಡಸರು ಮರ್ದಾನಾದ ಒಳಗೆ ಇರುತ್ತಾರೆ, ಹೆಂಗಸರು ರಾಜ್ಯ ನಡೆಸುತ್ತಾರೆ. ಗಂಡಸರು ಆಫೀಸಿನಲ್ಲಿ ಏಳು ಗಂಟೆ ಎಳೆಯುತ್ತಿದ್ದ ಕೆಲಸವನ್ನು ಇವರು ಎರಡು ಗಂಟೆಯಲ್ಲಿ ಮುಗಿಸುತ್ತಾರೆ. ಯಾಕಂದರೆ ಇವರು ಚುಟ್ಟಾ ಸೇದುತ್ತ ಕೂರುವುದಿಲ್ಲವಂತೆ! ಪರದೆಯ ಬಗ್ಗೆ ನೂರು ಪುಟ ವಾದ ಮಾಡುವ ಬದಲು ಅದನ್ನು ಬಿಚ್ಚಿ ಇನ್ನೊಬ್ಬರಿಗೆ ತೊಡಿಸಿ ನೋಡಿದರು ರುಕಯ್ಯಾ.

ಆಮೇಲೆ ಬಂದವರು ಇಸ್ಮತ್ ಚುಗ್ತಾಯಿ. ಅವರ ಬದುಕಿನ ಬಹುಭಾಗ ಕಳೆದದ್ದು ಮುಂಬೈಯಲ್ಲಿ, 1991ರಲ್ಲಿ ತೀರಿಕೊಂಡದ್ದೂ ಅಲ್ಲೇ. ಅವರ ‘ಚೌಥಿ ಕಾ ಜೋಡಾ’ ಕಥೆಯಲ್ಲಿ ರಾಹತ್ ಎಂಬ ನೆಂಟರ ಹುಡುಗ ಬಂದು ಉಳಿಯುತ್ತಾನೆ. ಕುಬ್ರಾಳನ್ನು ಒಪ್ಪಿಯಾನು ಎಂಬ ಆಸೆಯಲ್ಲಿ ಮನೆಯವರು ಒಡವೆ ಮಾರಿ ಅವನಿಗೆ ಪರಾಠ, ಕೋಫ್ತಾ ಮಾಡಿ ಬಡಿಸುತ್ತಾರೆ, ತಾವು ಅರೆಹೊಟ್ಟೆಯಲ್ಲಿ ಇರುತ್ತಾರೆ. ಅವನು ತಿನ್ನುತ್ತಾನೆ, ತಿನ್ನುತ್ತಲೇ ಇರುತ್ತಾನೆ. ತಿಂದು ಮುಗಿಸಿ ಬೇರೆ ಕಡೆ ಮದುವೆಗೆ ಹೊರಟುಹೋಗುತ್ತಾನೆ. ಮದುವೆಗೆ ಹೊಲಿಯಬೇಕಿದ್ದ ಬಟ್ಟೆ ಕುಬ್ರಾಳ ಕಫನ್ ಆಗುತ್ತದೆ.

ಈ ‘ತಿನ್ನುವ ಗಂಡಸು’ ಬಾನು ಅವರಲ್ಲಿ ಮತ್ತೆ ಬರುತ್ತಾನೆ, ಈ ಸಲ ಅರಬಿ ಕಲಿಸುವ ಮೇಷ್ಟರ ವೇಷದಲ್ಲಿ. ವಕೀಲೆಯೊಬ್ಬಳು ತನ್ನ ಹೆಣ್ಣು ಮಕ್ಕಳಿಗೆ ಪಾಠ ಹೇಳಲು ಅವನನ್ನು ಗೊತ್ತು ಮಾಡುತ್ತಾಳೆ. ಅವನ ಪ್ರಾಣವೆಲ್ಲ ಗೋಬಿ ಮಂಚೂರಿಯಲ್ಲಿ. ಹೆಣ್ಣು ನೋಡಲು ಹೋದರೂ ಅವನ ಪ್ರಶ್ನೆ ಅದೇ. ರಾಹತ್‌ನ ಪರಾಠದಂತೆ ಇಲ್ಲಿಯೂ ಒಂದು ತಿನಿಸು ಇಡೀ ಹೆಣ್ಣಿನ ಬದುಕಿಗೆ ತೂಕದ ಬಟ್ಟಾಗುತ್ತದೆ. ಮದುವೆಯ ನಂತರ ಅದೇ ತಿನಿಸಿಗಾಗಿ ಹೆಂಡತಿಗೆ ಏಟು ಬೀಳುವಾಗ ನಮ್ಮ ನಗು ನಮಗೇ ನಾಚಿಕೆ ತರುತ್ತದೆ. ಇಷ್ಟು ಹೊತ್ತು ನಾವು ಯಾವುದಕ್ಕೆ ನಗುತ್ತಿದ್ದೆವು? ಗಂಡಸಿನ ಚಪಲವನ್ನು ‘ಪಾಪ, ಸ್ವಲ್ಪ ತಿಂಡಿಪೋತ’ ಅಂತ ಮುದ್ದು ಮಾಡುವ ಮನೆಮನೆಯ ಅಭ್ಯಾಸಕ್ಕೆ. ಹಾಸ್ಯ ಇಲ್ಲಿ ಓದುಗರನ್ನೂ ಕಟಕಟೆಗೆ ಹತ್ತಿಸುತ್ತದೆ.

ಇನ್ನು ನಮ್ಮವರೇ ಎತ್ತುವ ಆಕ್ಷೇಪಕ್ಕೆ ಬರೋಣ. ‘ಮನೆಯ ಮಾತನ್ನು ಬೀದಿಗೆ ತರಬೇಕಾ? ಮೊದಲೇ ನಮ್ಮನ್ನು ನೋಡಿ ನಗುವವರು ಸಾಲುಗಟ್ಟಿ ನಿಂತಿದ್ದಾರೆ. ಮೌಲ್ವಿ, ಮುತವಲ್ಲಿ, ಖತ್ನಾ, ಇವೆಲ್ಲ ಅವರ ಕೈಗೆ ನಾವೇ ಕೊಟ್ಟ ಕಲ್ಲುಗಳಲ್ಲವಾ?’ ಪುಣೆಯಲ್ಲೋ ದೆಹಲಿಯಲ್ಲೋ ಹೆಸರು ಕೇಳಿದ ಮೇಲೆ ಬಾಡಿಗೆ ಮನೆ ಇಲ್ಲ ಅನ್ನಿಸಿಕೊಂಡವರು ಈ ಮಾತು ಹೇಳಿದಾಗ ಅದನ್ನು ತಳ್ಳಿಹಾಕುವುದು ಸರಿಯಲ್ಲ. ಅವರ ಭಯ ನಿಜವಾದದ್ದು.

ಆದರೆ ಹೊರಗಿನವರ ಅಪಹಾಸ್ಯಕ್ಕೂ ಒಳಗಿನವರ ಹಾಸ್ಯಕ್ಕೂ ಇರುವ ವ್ಯತ್ಯಾಸ ಓದಿದರೆ ಗೊತ್ತಾಗುತ್ತದೆ. ಅಪಹಾಸ್ಯಕ್ಕೆ ಒಂದು ಗಡ್ಡ, ಒಂದು ಬುರ್ಖಾ ಸಾಕು, ಮನುಷ್ಯ ಬೇಕಾಗಿಲ್ಲ. ಬಾನು ಅವರ ಬೀ ದಾದಿಯನ್ನು ನೆನಪಿಸಿಕೊಳ್ಳಿ. ಜೀವದ ಹಾಗೆ ಕಾಪಾಡಿಕೊಂಡಿದ್ದ ಜಾನಮಾಝನ್ನು ಮನೆಯ ಹುಡುಗನೊಬ್ಬ ಬೈಕ್ ಒರೆಸಲು ಬಳಸಿದ ಮೇಲೆ ಅವಳು ಕುಗ್ಗಿಹೋಗುತ್ತಾಳೆ. ಮಕ್ಕಳು ಅವಳಿಗೆ ಪೆಪ್ಸಿ ಕುಡಿಸಿ, ಇದು ಸ್ವರ್ಗದ ಆಬೆ ಕೌಸರ್ ಅನ್ನುತ್ತಾರೆ. ಅವಳು ನಂಬುತ್ತಾಳೆ, ಸ್ವರ್ಗದಲ್ಲೇ ಇದ್ದೇನೆ ಅಂದುಕೊಳ್ಳುತ್ತಾಳೆ. ಇದನ್ನು ಬೇರೆಯವರು ಬರೆದಿದ್ದರೆ ಮುದುಕಿಯ ಮೂಢನಂಬಿಕೆಯ ಜೋಕ್ ಆಗಿಬಿಡುತ್ತಿತ್ತು. ಇಲ್ಲಿ ನಗು ಅವಳ ನಂಬಿಕೆಯ ಮೇಲೆ ಬೀಳುವುದಿಲ್ಲ. ಇಡೀ ಜೀವಮಾನ ಅಣ್ಣತಮ್ಮಂದಿರ ಮನೆಗೆ ದುಡಿದ ವಿಧವೆಗೆ ನೆಮ್ಮದಿ ಸಿಗಲು ಒಂದು ಬಾಟಲಿ ಪೆಪ್ಸಿಯ ಸುಳ್ಳು ಬೇಕಾಯಿತಲ್ಲ, ಆ ಮನೆಯ ಮೇಲೆ ಬೀಳುತ್ತದೆ. ಜಾನಮಾಝಿನ ಬೆಲೆ ಗೊತ್ತಿದ್ದವರು ಮಾತ್ರ ಈ ಕಥೆ ಬರೆಯಬಲ್ಲರು.

ಮನೆಯ ಮಾತನ್ನು ಮನೆಯಲ್ಲೇ ಇಡಿ ಅನ್ನುವವರು ಮನೆಯಲ್ಲಾದರೂ ಆ ಮಾತಿಗೆ ಜಾಗ ಕೊಟ್ಟಿದ್ದಾರಾ ಅಂತಲೂ ಕೇಳಬೇಕು. ಹೆಂಗಸರಿಗೆ ಮಸೀದಿಗೆ ಹೋಗುವ ಹಕ್ಕಿದೆ ಅಂದದ್ದಕ್ಕೆ 2000ದಲ್ಲಿ ಈ ಲೇಖಕಿ ಬಹಿಷ್ಕಾರ ಎದುರಿಸಿದರು. ಮನೆಯೊಳಗೆ ಬಾಯಿ ಮುಚ್ಚಿಸಿ, ಹೊರಗೆ ಮಾತಾಡಿದೆ ಅಂತ ದೂರುವುದು ನ್ಯಾಯವಲ್ಲ.

ಹಾಗಂತ ಈ ಕಥೆಗಳ ನಗು ಎಲ್ಲ ಕಡೆಯೂ ಸರಿಯಾದ ಗುರಿಗೇ ತಾಗುತ್ತದೆ ಅನ್ನಲಾರೆ. ಯಾರಿಗೆ ನಗುವ ಹಕ್ಕು ಸಿಕ್ಕಿದೆ ಅಂತ ಎಣಿಸಿ ನೋಡಿ. ರಜಿಯಾ ಉಳ್ಳವರ ಮನೆಯ ಹೆಂಗಸು. ಗೋಬಿ ಮಂಚೂರಿಯ ಕಥೆ ಹೇಳುವವಳು ವಕೀಲೆ. ಝೀನತ್ ಓದು ಬರಹ ಬಲ್ಲ ಗೃಹಿಣಿ. ಕೆಂಪು ಲುಂಗಿ ಪಡೆದ ಹುಡುಗನ ತಾಯಿಗೆ ರಜಿಯಾಳ ಮನೆಯ ಬಗ್ಗೆ ಹೇಳಲು ಒಂದು ಒಳ್ಳೆಯ ತಮಾಷೆ ಇದ್ದಿರಲಾರದೇ? ಖಂಡಿತ ಇದ್ದೀತು. ಮನೆಗೆಲಸ ಮುಗಿಸಿ ನಲ್ಲಿಯ ಹತ್ತಿರ ನಿಂತು ಹೆಂಗಸರು ಆಡುವ ಮಾತು ಕೇಳಿದವರಿಗೆ ಅದು ಗೊತ್ತು. ಆ ನಗು ಪುಟದ ಮೇಲೆ ಬರುವುದಿಲ್ಲ. ಬಡ ಹೆಂಗಸು ಈ ಕಥೆಗಳಲ್ಲಿ ನಮ್ಮನ್ನು ಕಲಕುತ್ತಾಳೆ, ಎಚ್ಚರಿಸುತ್ತಾಳೆ, ಆದರೆ ವಿರಳವಾಗಿ ನಗಿಸುತ್ತಾಳೆ.

ಇನ್ನೊಂದು ತಕರಾರೂ ಇದೆ. ತಾಯಿ ಮತ್ತು ಹೆಂಡತಿಯ ಜಗಳದಲ್ಲಿ ಬೆಂದ ಯೂಸುಫ್ ತನ್ನ ವಿಧವೆ ತಾಯಿಗೇ ಮದುವೆ ಮಾಡಿಸಲು ಹೊರಡುವ ಕಥೆಯಲ್ಲಿ ನಗುವಿಗೆ ಬರವಿಲ್ಲ. ವಿಧವೆಯ ಮರುಮದುವೆಗೆ ನಮ್ಮ ಧರ್ಮದಲ್ಲಿ ಅಡ್ಡಿಯಿಲ್ಲ ಎಂಬುದನ್ನು ಅದು ಜಾಣತನದಿಂದ ನೆನಪಿಸುತ್ತದೆ ಕೂಡ. ಆದರೆ ಮದುವೆಯ ಆಲೋಚನೆ ಹುಟ್ಟುವುದು ತಾಯಿಯ ಮನಸ್ಸಿನಲ್ಲಲ್ಲ, ಮಗನ ಹಟದಲ್ಲಿ. ಅತ್ತೆ ಸೊಸೆ ಇಬ್ಬರೂ ಅವನ ನಿರ್ಧಾರದ ಸುತ್ತ ಓಡುತ್ತಾರೆ. ಸೊಸೆ ಜಗಳಗಂಟಿ, ಅತ್ತೆ ಸಹನಾಮಯಿ ಎಂಬ ಹಳೆಯ ಅಚ್ಚುಗಳನ್ನು ಕಥೆ ಅಲುಗಾಡಿಸುತ್ತದೆ, ಮುರಿಯುವುದಿಲ್ಲ. ಹೃದಯದ ತೀರ್ಪು ಕೊನೆಗೂ ಗಂಡಿನ ಹೃದಯದ್ದೇ ಆಗಿಬಿಟ್ಟಿತಲ್ಲ ಅಂತ ಬೇಜಾರಾಗುತ್ತದೆ.

ಭಾಷೆಯ ವಿಷಯ ಹೇಳದಿದ್ದರೆ ಈ ನಗುವಿನ ಅರ್ಧ ಹೇಳದಂತೆ. ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ, ನಮಾಝಿನಲ್ಲಿ ಅರಬಿ. ಇವು ಒಂದಕ್ಕೊಂದು ಡಿಕ್ಕಿ ಹೊಡೆಯುವ ಜಾಗದಲ್ಲೇ ಬಾನು ಅವರ ಎಷ್ಟೋ ತಮಾಷೆ ಹುಟ್ಟುತ್ತದೆ. ದೀಪಾ ಭಾಸ್ತಿ ಆ ಪದಗಳನ್ನು ಓರೆ ಅಕ್ಷರದಲ್ಲಿ ಹಾಕದೆ, ಅಡಿಟಿಪ್ಪಣಿ ಕೊಡದೆ ಇಂಗ್ಲಿಷಿನೊಳಗೆ ಹಾಗೇ ಬಿಟ್ಟದ್ದು ಸರಿಯಾದ ಕೆಲಸ. ಜೋಕಿಗೆ ಅಡಿಟಿಪ್ಪಣಿ ಬಂದರೆ ಜೋಕ್ ಸತ್ತಂತೆ. ಮುಂಬೈ, ಚೆನ್ನೈ, ಹೈದರಾಬಾದಿನಲ್ಲಿ ಬೆಳೆಯುತ್ತಿರುವ ನಮ್ಮ ಹುಡುಗಿಯರ ಬಾಯಲ್ಲಿ ಈಗ ನಾಲ್ಕನೆಯ, ಐದನೆಯ ಭಾಷೆಯೂ ಸೇರಿದೆ. ಅತ್ತೆಯ ಜತೆ ಒಂದು ಭಾಷೆ, ಲೋಕಲ್ ಟ್ರೈನಿನಲ್ಲಿ ಒಂದು, ಅಮ್ಮನಿಗೆ ಫೋನ್ ಮಾಡಿದಾಗ ಕನ್ನಡ. ಅವರ ಕೈಯಲ್ಲಿರುವ ಸಾಮಗ್ರಿ ಬಾನು ಅವರಿಗಿದ್ದುದಕ್ಕಿಂತ ಹೆಚ್ಚು.

ಹಾಗಾಗಿ ಬರೆಯುವ ಹುಡುಗಿಯರಿಗೆ ಒಂದು ಮಾತು. ನಿಮ್ಮಿಂದ ಎಲ್ಲರೂ ನೋವಿನ ಕಥೆ ಕೇಳುತ್ತಾರೆ. ಅದಕ್ಕೆ ಬಹುಮಾನವಿದೆ, ಚಪ್ಪಾಳೆಯಿದೆ. ನೋವು ಇದ್ದರೆ ಬರೆಯಿರಿ, ಮುಚ್ಚಿಡಬೇಡಿ. ಆದರೆ ನಿಕಾಹ್ ಮನೆಯಲ್ಲಿ ಬಿರಿಯಾನಿಯ ಡೇಗ್ಚಿ ಸುತ್ತ ಖಾಲಾಗಳು ಆಡಿದ ಮಾತು, ನಾದಿನಿಯ ಅಣಕ, ಸಹರಿಗೆ ಏಳಿಸಿದರೆ ಸತ್ತಂತೆ ಮಲಗುವ ಗಂಡ, ಇವನ್ನೂ ಬರೆಯಿರಿ. ಕೇಳಿದವರು ನಕ್ಕ ಮೇಲೆ ಒಂದು ಕ್ಷಣ ಸುಮ್ಮನಾದರೆ, ನೀವು ಸರಿಯಾದ ದಾರಿಯಲ್ಲಿದ್ದೀರಿ ಅಂತ ಲೆಕ್ಕ.