ವಾಟರ್ಲೂವಿನ ಮೂರನೆಯ ಸಂಜೆ

2015ರ ಜೂನ್ 19 ಮತ್ತು 20ರಂದು ಬೆಲ್ಜಿಯಂನ ವಾಟರ್ಲೂ ಬಯಲಿನಲ್ಲಿ ನೆಪೋಲಿಯನ್ನನ ಕೊನೆಯ ಸೋಲನ್ನು ಮತ್ತೆ ಆಡಿ ತೋರಿಸಿದರು. ಯುದ್ಧ ನಡೆದು 200 ವರ್ಷ ತುಂಬಿದ ನೆನಪಿಗೆ ಸುಮಾರು 5,000 ಹವ್ಯಾಸಿಗಳು, 300 ಕುದುರೆಗಳು, 100 ಫಿರಂಗಿಗಳು. ಮೊದಲ ಸಂಜೆ ಫ್ರೆಂಚರ ದಾಳಿ, ಎರಡನೆಯ ಸಂಜೆ ಮಿತ್ರಪಡೆಗಳ ಮರುದಾಳಿ. ಅದರ ಚಿತ್ರೀಕರಣವನ್ನು ನಾನು ಹಲವು ಸಲ ನೋಡಿದ್ದೇನೆ. ನೋಡಿದಷ್ಟೂ ಮೆಚ್ಚುಗೆ ಬೆಳೆದಿದೆ, ಅದರ ಜೊತೆಗೇ ತಕರಾರೂ.

ಮೆಚ್ಚುಗೆ ಆ ಜನರ ಶ್ರದ್ಧೆಗೆ. ಅಂಗಿಯ ಗುಂಡಿಯಿಂದ ಟೋಪಿಯ ಗರಿಯವರೆಗೆ ಯಾವುದೂ ಕಾಟಾಚಾರದ್ದಲ್ಲ. ಕೋವಿಗಳು ಒಟ್ಟಿಗೆ ಸಿಡಿದಾಗ ಕರಿಮದ್ದಿನ ಬಿಳಿ ಹೊಗೆ ಎಷ್ಟು ದಟ್ಟವಾಗಿ ಕವಿಯುತ್ತದೆಂದರೆ, ಪಕ್ಕದ ದಳವೇ ಕಣ್ಣಿಗೆ ಬೀಳುವುದಿಲ್ಲ. ಅಂದಿನ ಸೇನಾಪತಿಗಳು ತಡವರಿಸಿದ್ದೇಕೆಂದು ನನಗೆ ಪುಸ್ತಕ ಓದಿದಾಗ ತಿಳಿದಿರಲಿಲ್ಲ, ಆ ಹೊಗೆ ನೋಡಿ ತಿಳಿಯಿತು. ಅಂದಿನ ಸಿಪಾಯಿ ಕಾಗದದ ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಮದ್ದಿನ ಉಪ್ಪು ನಾಲಿಗೆಗೆ ತಾಗಿ ಬಾಯಿ ಒಣಗುತ್ತಿತ್ತು, ತುಟಿ ಕಪ್ಪಾಗುತ್ತಿತ್ತು. ಇಂಥ ಕಸುಬಿನ ತಿಳಿವಳಿಕೆಯನ್ನು ಕಾಪಾಡಿಕೊಂಡು ಬಂದವರು ಈ ಹವ್ಯಾಸಿಗಳೇ.

ತಕರಾರು ಸಾವಿನ ವಿಷಯದ್ದು. ಇಲ್ಲಿ ಬೀಳುವವರು ತೀರಾ ಕಡಿಮೆ, ಬಿದ್ದವರೂ ಆಟ ಮುಗಿದಾಗ ಎದ್ದು ಸಾಲು ಸೇರುತ್ತಾರೆ. ರಕ್ತ ಹರಿಸಿ ಎಂದು ನಾನು ಕೇಳುತ್ತಿಲ್ಲ. ಆದರೆ 1815ರ ಜೂನ್ 18ರ ಒಂದೇ ದಿನದಲ್ಲಿ ಸತ್ತವರು, ಗಾಯಗೊಂಡವರು 40,000ಕ್ಕೂ ಹೆಚ್ಚು. ಹೆಣಗಳ ಹಲ್ಲು ಕಿತ್ತು ಕಟ್ಟುಹಲ್ಲಿಗೆ ಮಾರಿದರು. ಮಿತ್ರಪಡೆಗಳ ಸೇನಾನಿ ವೆಲಿಂಗ್ಟನ್ನನ ಸೇನೆ ಆಸ್ಪತ್ರೆ ಮಾಡಿಕೊಂಡಿದ್ದ ಮಾಂ-ಸ್ಯಾಂ-ಜಾಂ ತೋಟದಲ್ಲಿ 2019ರಲ್ಲಿ ಮಣ್ಣು ಬಗೆದಾಗ ಸಿಕ್ಕಿದ್ದು ಕತ್ತರಿಸಿ ಎಸೆದ ಕಾಲುಗಳ ಮೂಳೆ. ಗೆಲುವಿನ ಲೆಕ್ಕದಲ್ಲಿ ಆ ಕಾಲುಗಳೂ ಸೇರಬೇಕಲ್ಲವೇ?

ಈ ವೆಲಿಂಗ್ಟನ್ ನಮಗೆ ಹೊರಗಿನವನಲ್ಲ. ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಆಡಳಿತ ನೋಡಿಕೊಂಡ ಆರ್ಥರ್ ವೆಲ್ಲೆಸ್ಲಿಯೇ ಅವನು. ವಾಸವಿದ್ದದ್ದು ಟಿಪ್ಪುವಿನ ಅರಮನೆ ದರಿಯಾ ದೌಲತ್‌ನಲ್ಲಿ. ಅದರ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧವಿದೆ. ಹೈದರ್ ಮತ್ತು ಟಿಪ್ಪು ಕಂಪನಿಯ ಪಡೆಯನ್ನು ನುಚ್ಚುನೂರು ಮಾಡಿದ ಯುದ್ಧ. ಅದೂ ಗೆದ್ದವರೇ ಬರೆಸಿಕೊಂಡ ಚಿತ್ರ, ಉತ್ಪ್ರೇಕ್ಷೆಗೆ ಕೊರತೆಯಿಲ್ಲ. ಆದರೂ ಸಿಡಿಯುವ ಮದ್ದಿನ ಬಂಡಿಯ ಬಳಿ, ಪಲ್ಲಕ್ಕಿಯಲ್ಲಿ, ಸೋತ ಕರ್ನಲ್ ಬೇಯ್ಲಿ ಬೆರಳು ಕಚ್ಚಿಕೊಂಡು ಕುಳಿತಿದ್ದಾನೆ. ಅಷ್ಟು ದೊಡ್ಡ ಗೋಡೆಯಲ್ಲಿ ನನ್ನ ಕಣ್ಣು ಪ್ರತಿ ಸಲವೂ ಹೋಗಿ ನಿಲ್ಲುವುದು ಆ ಬೆರಳಿನ ಮೇಲೆ. ಚಿತ್ರಕಾರ ಸೋತವನಿಗೂ ಒಂದು ಮುಖ ಕೊಟ್ಟ. ತನ್ನವರ ಸೋಲಿನ ಆ ಚಿತ್ರ ಮಾಸಿದ್ದಾಗ ಅದನ್ನು ಸರಿಪಡಿಸಿದವನು ವೆಲ್ಲೆಸ್ಲಿಯೇ.

ವಾಟರ್ಲೂವಿನ ಆ ಎರಡು ಸಂಜೆಗಳಲ್ಲಿ ನನಗೆ ಸಿಗದೆ ಹೋದದ್ದು ಆ ಬೆರಳು. ಸಾವಿರಾರು ಸಮವಸ್ತ್ರಗಳಿದ್ದವು, ನೆನಪಿನಲ್ಲಿ ಉಳಿಯುವ ಒಬ್ಬ ಸೋತವನಿರಲಿಲ್ಲ. ಮೂರನೆಯ ಸಂಜೆಯೊಂದು ಬೇಕಿತ್ತು: ಫಿರಂಗಿಯಿಲ್ಲದೆ, ಅದೇ ಮಾಂ-ಸ್ಯಾಂ-ಜಾಂ ತೋಟದ ಅಂಗಳದಲ್ಲಿ, ಲಾಂದ್ರದ ಬೆಳಕಿನಲ್ಲಿ ಶಸ್ತ್ರವೈದ್ಯನ ಮೇಜು, ಮದ್ದು ಕಚ್ಚಿ ಕಪ್ಪಾದ ತುಟಿಗಳು, ಇಂಗ್ಲಿಷ್, ಜರ್ಮನ್, ಡಚ್, ಫ್ರೆಂಚ್‌ಗಳಲ್ಲಿ ನೀರು ಕೇಳುವ ದನಿಗಳು.