ಲಂಕೆಗೆ ಹೊರಟವರು ಹೆದರಬೇಕಾದ್ದು ಯಾವುದಕ್ಕೆ?

ಬಿ.ಸಿ. ರೋಡಿನಲ್ಲಾಗಲಿ ಬೆಳ್ತಂಗಡಿ ಪೇಟೆಯಲ್ಲಾಗಲಿ ಶ್ರೀಲಂಕಾ ಪ್ರವಾಸದ ಮಾತೆತ್ತಿದರೆ ಎರಡೇ ಬಗೆಯ ಉತ್ತರ. "ಅಲ್ಲಿ ಬಾಂಬ್ ಇಡ್ತಾರೆ, ಎಂತಕ್ಕೆ ಮಾರಾಯ್ರೆ ಸುಮ್ಮನೆ?" ಎನ್ನುವವರು ಕೆಲವರು. "ಲಂಕೆ ಅಂದ್ರೆ ಇಲ್ಲೇ ಪಕ್ಕ, ವೀಸಾವೂ ಬೇಡ, ತಿರುಪತಿಗೆ ಹೋಗಿ ಬಂದ ಹಾಗೆ" ಎನ್ನುವವರು ಉಳಿದವರು. ನನಗೆ ಎರಡೂ ಒಪ್ಪಿಗೆಯಿಲ್ಲ. ನಮ್ಮವರ ಭಯವೂ ಧೈರ್ಯವೂ ತಪ್ಪು ಜಾಗದಲ್ಲಿ ಕೂತಿವೆ.

ಬಾಂಬಿನ ಭಯ ಸುಮ್ಮನೆ ಹುಟ್ಟಿದ್ದಲ್ಲ. 2019ರ ಏಪ್ರಿಲ್ 21ರ ಈಸ್ಟರ್ ದಿನ ಅಲ್ಲಿನ ಚರ್ಚು, ಹೋಟೆಲುಗಳಲ್ಲಿ 250ಕ್ಕೂ ಹೆಚ್ಚು ಜನ ಸತ್ತರು. ಲೋಕಸಭಾ ಚುನಾವಣೆಯ ಮತದಾನ ಮುಗಿಸಿ ಕೊಲಂಬೊಗೆ ಹೋಗಿದ್ದ ಕರ್ನಾಟಕದ ಜೆಡಿಎಸ್ ಕಾರ್ಯಕರ್ತರೂ ಅವರಲ್ಲಿದ್ದರು. ಆ ನೋವು ಇವತ್ತಿಗೂ ನಮ್ಮದೇ. ಆದರೆ ಇಡೀ ದೇಶವನ್ನು ಆ ಒಂದು ದಿನದಿಂದ ಅಳೆದರೆ ದಿನನಿತ್ಯದ ಅಪಾಯ ಕಣ್ಣಿಗೆ ಬೀಳುವುದಿಲ್ಲ. 2025ರ ಮೇ 11ರಂದು ರಾಂಬೊಡ ಬಳಿ ಯಾತ್ರಿಕರಿದ್ದ ಬಸ್ಸು ಕಂದಕಕ್ಕೆ ಉರುಳಿ 20ಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ನಮ್ಮ ಹಿರಿಯರು ರಾಮಾಯಣ ಪ್ಯಾಕೇಜಿನಲ್ಲಿ ಕ್ಯಾಂಡಿಯಿಂದ ನುವಾರ ಎಲಿಯಕ್ಕೆ, ಅಲ್ಲಿಂದ ಸೀತಾ ಎಲಿಯದ ದೇವಸ್ಥಾನಕ್ಕೆ ಹೋಗುವುದು ಇದೇ ರಸ್ತೆಯಲ್ಲಿ. ಟೂರಿನವರನ್ನು "ಈಗ ಗಲಾಟೆ ಉಂಟಾ?" ಎಂದು ಎಲ್ಲರೂ ಕೇಳುತ್ತಾರೆ. "ಘಾಟಿಯಲ್ಲಿ ರಾತ್ರಿ ವ್ಯಾನ್ ಓಡಿಸ್ತೀರಾ?" ಎಂದು ಕೇಳುವವರು ಅಪರೂಪ. ಮಂಗಳೂರಿನಿಂದ ನೇರ ವಿಮಾನವಿಲ್ಲದ ಕಾರಣ ಬೆಂಗಳೂರಿಗೆ ಹೋಗಬೇಕು. ನಿದ್ದೆಗೆಟ್ಟ ಡ್ರೈವರ್ ಜೊತೆ ಮಳೆಯಲ್ಲಿ ಶಿರಾಡಿ ಘಾಟಿ ಹತ್ತುವ ಆ ರಾತ್ರಿಯೂ ಈ ಪ್ರವಾಸದ ಲೆಕ್ಕಕ್ಕೇ ಸೇರಬೇಕು.

ಇನ್ನು "ವೀಸಾ ಬೇಡ" ಎಂಬ ಮಾತು. 2023ರ ಅಕ್ಟೋಬರಿನಲ್ಲಿ ಭಾರತವೂ ಸೇರಿ ಏಳು ದೇಶಗಳವರಿಗೆ 2024ರ ಮಾರ್ಚ್ 31ರವರೆಗೆ ಶ್ರೀಲಂಕಾ ವೀಸಾ ಶುಲ್ಕ ಮನ್ನಾ ಮಾಡಿತು. ಮನ್ನಾ ಆದದ್ದು ಹಣ ಮಾತ್ರ. ಇಟಿಎ, ಅಂದರೆ ಆನ್‌ಲೈನ್ ಪ್ರಯಾಣ ಅನುಮತಿಗೆ ಅರ್ಜಿ ಹಾಕಲೇಬೇಕಿತ್ತು. 2024ರ ಏಪ್ರಿಲಿನಲ್ಲಿ ಆ ಕೆಲಸ ಖಾಸಗಿಯವರ ಕೈಗೆ ಹೋಯಿತು. ಆಗಸ್ಟಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತಡೆ ಕೊಟ್ಟ ಮೇಲೆ ಹಳೆಯ ಪದ್ಧತಿಯೇ ಮರಳಿತು. ಒಂದು ವರ್ಷದೊಳಗೆ ಇಷ್ಟು ಬದಲಾದ ನಿಯಮಕ್ಕೆ ಯಾವುದೋ ಕಾಲದ ವಾಟ್ಸ್ಆ್ಯಪ್ ಸಂದೇಶವನ್ನು ನಂಬಿ ಹೊರಡುವುದು ಹೇಗೆ? ಟಿಕೆಟ್ ಮಾಡುವ ಮೊದಲು ಶ್ರೀಲಂಕಾ ಸರ್ಕಾರದ ಇಟಿಎ ಜಾಲತಾಣವನ್ನೇ ನೋಡಬೇಕು. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಇರಬೇಕು. ಹೆಸರಿನ ವಿಷಯದಲ್ಲಂತೂ ತುಳುನಾಡಿನವರು ಹೆಚ್ಚೇ ಜಾಗ್ರತೆ ಮಾಡಬೇಕು: ಅಮ್ಮ ಒಂದು ದಾಖಲೆಯಲ್ಲಿ ಪೂಜಾರ್ತಿ, ಇನ್ನೊಂದರಲ್ಲಿ ಪೂಜಾರಿ, ಅಪ್ಪನ ಇನಿಷಿಯಲ್ ಆಧಾರಿನಲ್ಲಿ ಒಂದಕ್ಷರ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ಪೂರ್ತಿ ಹೆಸರು. ಟಿಕೆಟಿಗೂ ಇಟಿಎಗೂ ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ ಬರೆಸಬೇಕು.

ಮಳೆಯ ವಿಷಯದಲ್ಲಿ ನಮಗೆ ಬೇರೆಯವರು ಪಾಠ ಹೇಳಬೇಕಿಲ್ಲ. 1923ರ ಮಹಾನೆರೆ ಮಾರಿಬೊಳ್ಳವನ್ನು ಬಂಟ್ವಾಳ ಮರೆತಿಲ್ಲ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದು ಮುಚ್ಚಿದ್ದನ್ನು ಬೆಳ್ತಂಗಡಿ ಕಂಡಿದೆ. ಚಾರ್ಮಾಡಿಯಲ್ಲಿ ಜಡಿಮಳೆ ಇರುವಾಗ ಕಡೂರಿನಲ್ಲಿ ಬಿಸಿಲಿರುತ್ತದಲ್ಲ, ಲಂಕೆಯೂ ಹಾಗೆಯೇ. ನಮ್ಮ ಮುಂಗಾರು ಹೊತ್ತಿಗೆ ಕೊಲಂಬೊ, ಗಾಲೆ ಕಡೆ ಮಳೆ, ಸಮುದ್ರವೂ ಒರಟು. ಪೂರ್ವದ ತ್ರಿಕೋನಮಲೆ ಒಣಗಿರುತ್ತದೆ. ರಜೆ ಸಿಕ್ಕಿತೆಂದು ಅಕ್ಟೋಬರ್, ನವೆಂಬರಿನಲ್ಲಿ ಬೆಟ್ಟದ ಸೀಮೆಗೆ ಹೋಗುವುದು ಒಳ್ಳೆಯ ಲೆಕ್ಕಾಚಾರವಲ್ಲ. 2025ರ ನವೆಂಬರ್ ಕೊನೆಗೆ ದಿತ್ವಾ ಚಂಡಮಾರುತದಿಂದ ಗುಡ್ಡ ಕುಸಿದು, ನೆರೆ ಬಂದು ಅಲ್ಲಿ ನೂರಾರು ಜನ ಸತ್ತರು.

ಕಾಯಿಲೆಯ ಭಯವಂತೂ ಪೂರ್ತಿ ತಲೆಕೆಳಗು. ಶ್ರೀಲಂಕಾ ಮಲೇರಿಯಾಮುಕ್ತ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಪ್ರಮಾಣಪತ್ರ ಕೊಟ್ಟಿದೆ. ಮಲೇರಿಯಾಕ್ಕೆ ಹೆಸರಾದದ್ದು ನಮ್ಮ ಮಂಗಳೂರು. ಲಂಕೆಗೆ ಹೋದ ಮೇಲೆ ಚಳಿಜ್ವರ ಬಂದರೆ ಎಲ್ಲಿಂದ ಬಂದವರೆಂದು ಡಾಕ್ಟರಿಗೆ ಹೇಳಲೇಬೇಕು. ನಮಗಾಗಿ ಮಾತ್ರವಲ್ಲ, ಅಷ್ಟು ಕಷ್ಟಪಟ್ಟು ರೋಗ ಓಡಿಸಿದ ಆ ಜನರಿಗಾಗಿ. ಡೆಂಗಿ ಮಾತ್ರ ಅಲ್ಲೂ ಉಂಟು, ಇಲ್ಲೂ ಉಂಟು.

ಇನ್ನು ಅಲ್ಲಿ ನಮ್ಮ ನಡತೆಯ ವಿಷಯ. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಚಪ್ಪಲಿ ಹಾಕಿಕೊಂಡು ಯಾರಾದರೂ ನುಗ್ಗಿದರೆ ನಮಗೆ ಸಹಿಸಲಾಗುತ್ತದೆಯೇ? ಬುದ್ಧನ ಮೂರ್ತಿಗೆ ಬೆನ್ನು ತಿರುಗಿಸಿ ಫೋಟೊ ತೆಗೆಸಿಕೊಂಡರೆ ಅವರಿಗೂ ಹಾಗೆಯೇ ಆಗುತ್ತದೆ, ಪೊಲೀಸರವರೆಗೂ ಹೋಗಬಹುದು.

ಈ ರಾಮಾಯಣ ಪ್ಯಾಕೇಜುಗಳಲ್ಲಿ ಹೋಗುವವರು ಹೆಚ್ಚಾಗಿ ಅರುವತ್ತು ದಾಟಿದವರು, ಬಿಪಿ ಶುಗರ್ ಮಾತ್ರೆಯ ಡಬ್ಬಿ ಚೀಲದಲ್ಲಿರುವವರು. ಅಲ್ಲಿ 1990ಕ್ಕೆ ಫೋನ್ ಮಾಡಿದರೆ ಉಚಿತ ಆಂಬುಲೆನ್ಸ್ ಬರುತ್ತದೆ; 2016ರಲ್ಲಿ ಭಾರತದ ಅನುದಾನದಿಂದಲೇ ಶುರುವಾದ ಸೇವೆ ಅದು. ಅದರ ಮುಂದಿನ ಖಾಸಗಿ ಆಸ್ಪತ್ರೆಯ ಬಿಲ್ಲು ನಮ್ಮದು. ಪ್ಯಾಕೇಜಿನ ಹಾಳೆಯಲ್ಲಿ "ಇನ್ಶೂರೆನ್ಸ್ ಸೇರಿದೆ" ಎಂದಷ್ಟೇ ಇದ್ದರೆ ಸಾಲದು. ಪಾಲಿಸಿಯ ಪ್ರತಿ ಕೇಳಿ ಪಡೆಯಿರಿ. ಮೊದಲೇ ಇರುವ ಕಾಯಿಲೆಗೆ ದುಡ್ಡು ಕೊಡುತ್ತಾರೋ ಇಲ್ಲವೋ ಎಂದು ಹಣ ಕಟ್ಟುವ ಮೊದಲು ಮನೆಯಲ್ಲಿ ಮಗಳೋ ಮಗನೋ ಓದಿ ನೋಡಲಿ.