ಭಾಷಾಸಂಕರವಿಚಾರ: ಕುಪವಾಡದ ನುಡಿಯೂ ಕೌಜಲಗಿಯ ಸಾಕ್ಷ್ಯವೂ

ಕೆರಿಬಿಯನ್ ದ್ವೀಪಗಳಲ್ಲಿ ಹುಟ್ಟಿದ ಕ್ರಿಯೋಲ್ ಭಾಷೆಗಳ ಸ್ವರೂಪವು ಭಾಷಾಶಾಸ್ತ್ರಜ್ಞರಿಗೆ ವಿದಿತವಾದುದೇ. ಆಫ್ರಿಕೆಯ ನಾನಾ ಭಾಷೆಗಳನ್ನಾಡುತ್ತಿದ್ದ ಜನರನ್ನು ಕಬ್ಬಿನ ತೋಟಗಳ ದಾಸ್ಯಕ್ಕೆ ಒಯ್ದಾಗ, ಅವರು ಒಡೆಯರ ಭಾಷೆಯಿಂದ ಬಹುಪಾಲು ಶಬ್ದಗಳನ್ನು ಪಡೆದು, ವ್ಯಾಕರಣವನ್ನು ಬೇರೆಯಾಗಿಯೇ ಕಟ್ಟಿಕೊಂಡರು. ಅವರ ಮಕ್ಕಳಿಗೆ ಅದೇ ಮಾತೃಭಾಷೆಯಾಯಿತು. ಕೆಟ್ಟ ಫ್ರೆಂಚೆಂದು ಬಹುಕಾಲ ತಿರಸ್ಕೃತವಾಗಿದ್ದ ಹೈಟಿಯ ಕ್ರಿಯೋಲ್, 1987ರ ಸಂವಿಧಾನದಲ್ಲಿ ಫ್ರೆಂಚಿನೊಡನೆ ರಾಜಭಾಷೆಯ ಪದವಿಯನ್ನು ಪಡೆಯಿತು.

ಇಂಥ ಭಾಷೆಗಳ ವಿಚಾರಕ್ಕಾಗಿ 1968ರಲ್ಲಿ ಜಮೈಕಾದ ಮೋನಾದಲ್ಲಿ ವಿದ್ವದ್ಗೋಷ್ಠಿಯೊಂದು ನೆರೆಯಿತು. ಅದರ ಫಲವಾಗಿ ಡೆಲ್ ಹೈಮ್ಸರು ಸಂಪಾದಿಸಿ 1971ರಲ್ಲಿ ಪ್ರಕಟವಾದ ಗ್ರಂಥದಲ್ಲಿ, ಕನ್ನಡಿಗರು ಅವಶ್ಯವಾಗಿ ಪರಿಶೀಲಿಸಬೇಕಾದ ಒಂದು ಪ್ರಬಂಧವುಂಟು. ಜಾನ್ ಗಂಪರ್ಝ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು ಸಾಂಗಲಿಯ ಸಮೀಪದ ಕುಪವಾಡದ ನುಡಿಗಳನ್ನು ಅದರಲ್ಲಿ ವಿವೇಚಿಸಿದ್ದಾರೆ. ಅಲ್ಲಿ ಜೈನರ ಮತ್ತು ಲಿಂಗಾಯತರ ಮನೆಮಾತು ಕನ್ನಡ, ಮುಸಲ್ಮಾನರದು ಉರ್ದು. ಮರಾಠಿ, ತೆಲುಗುಗಳನ್ನಾಡುವ ಮನೆಗಳೂ ಇದ್ದವು. ಶತಮಾನಗಳ ಸಹವಾಸದಿಂದ ಈ ಭಾಷೆಗಳ ವಾಕ್ಯರಚನೆ ಹೆಚ್ಚುಕಡಿಮೆ ಒಂದೇ ಆಯಿತು, ಶಬ್ದಗಳು ಮಾತ್ರ ಬೇರೆಯಾಗಿ ಉಳಿದುವು ಎಂಬುದು ಅವರ ಪ್ರತಿಪಾದನೆ. ಇದನ್ನು ಅವರು ಕ್ರಿಯೋಲೀಕರಣದ ಪ್ರಸಂಗದಲ್ಲಿಯೇ ಇರಿಸಿದ್ದಾರೆ.

ಪ್ರಬಂಧದ ಗುಣವು ಅಲ್ಪವಲ್ಲ. ಶಿಷ್ಟ ಮರಾಠಿಯಲ್ಲಿ ನದೀಶಬ್ದವು ಸ್ತ್ರೀಲಿಂಗ. ಕುಪವಾಡದ ಮರಾಠಿಯಲ್ಲಾದರೋ, ಕನ್ನಡದಂತೆ, ಮನುಷ್ಯರಲ್ಲದುದೆಲ್ಲವೂ ನಪುಂಸಕ. ಕನ್ನಡವು ಕೊಳ್ಳುವುದು ಮಾತ್ರವಲ್ಲ, ಕೊಡುವುದೂ ಉಂಟೆಂದು ಇದರಿಂದ ಸಿದ್ಧವಾಗುತ್ತದೆ. ಪತಂಜಲಿಯು ಗೋಶಬ್ದದ ಅಪಭ್ರಂಶಗಳನ್ನು ಎಣಿಸಿದಾಗಲೂ, ಕೇಶಿರಾಜನು ಅಪಭ್ರಂಶಪ್ರಕರಣವನ್ನು ರಚಿಸಿದಾಗಲೂ, ವಿಚಾರವು ಶಬ್ದದ ವಿಕಾರವನ್ನು ಕುರಿತುದಾಗಿತ್ತು. ಶಬ್ದವು ಕೆಡದೆ ವಾಕ್ಯವೇ ಬೆರೆಯುವ ಈ ಸಂಕರಕ್ಕೆ ಪ್ರತ್ಯೇಕ ವಿವೇಚನೆ ಬೇಕಷ್ಟೆ.

ಆದರೆ ಎರಡು ಆಕ್ಷೇಪಗಳು ಒದಗುತ್ತವೆ. ಮೊದಲನೆಯದು ಸಂಜ್ಞೆಯ ವಿಷಯ. ಕೆರಿಬಿಯನ್ನಿನಲ್ಲಿ ಜನರು ತಮ್ಮ ಪೂರ್ವಭಾಷೆಗಳಿಂದ ಬಲಾತ್ಕಾರವಾಗಿ ಅಗಲಿಸಲ್ಪಟ್ಟರು. ಕುಪವಾಡದಲ್ಲಿ ಪ್ರತಿಯೊಂದು ಸಮುದಾಯವೂ ಮನೆಮಾತನ್ನು ಉಳಿಸಿಕೊಂಡೇ ನೆರೆಯವರ ಮಾತನ್ನು ಕಲಿಯಿತು. ಅಲ್ಲಿ ವಿಯೋಗ, ಇಲ್ಲಿ ಸಹವಾಸ. ಕಾರಣವು ಭಿನ್ನವಾಗಿರಲು ಎರಡಕ್ಕೂ ಒಂದೇ ಹೆಸರು ಯುಕ್ತವಲ್ಲ.

ಎರಡನೆಯದು ಇನ್ನೂ ಪ್ರಬಲವಾದುದು. ಪ್ರಬಂಧಕಾರರು ಕುಪವಾಡದ ಆಡುನುಡಿಯನ್ನು ಗ್ರಾಂಥಿಕ ಕನ್ನಡದೊಡನೆ ತೂಗಿದ್ದಾರೆ. 'ಇದು ನನ್ನ ಹೊಲ' ಎಂಬುದು ಗ್ರಾಂಥಿಕ ಪ್ರಯೋಗ; 'ಇದು ನನ್ನ ಹೊಲ ಐತಿ' ಎಂಬಂಥದು ಕುಪವಾಡದ ರೀತಿ. ಈ 'ಐತಿ'ಯನ್ನು ಮರಾಠಿಯ 'ಆಹೆ'ಯ ಅನುಕರಣವೆನ್ನುವ ಮೊದಲು, ಗೋಕಾಕ, ಕೌಜಲಗಿ, ಮೂಡಲಗಿಗಳ ಒಕ್ಕಲಿಗರ ಬಾಯಲ್ಲಿ ಆ ಪದದ ಸಂಚಾರವೆಷ್ಟೆಂಬುದನ್ನು ನೋಡಬೇಡವೆ? ತೂಗಬೇಕಾದುದು ಆಡುನುಡಿಯೊಡನೆ ಆಡುನುಡಿಯನ್ನು. ಕೌಜಲಗಿಯಲ್ಲಿಯೂ ಇರುವ ಲಕ್ಷಣವು ಕುಪವಾಡವೊಂದರ ಸಂಕರದಿಂದ ಹುಟ್ಟಿದುದೆನ್ನಲಾಗದು. ಅಲ್ಲಿಲ್ಲದೆ ಇಲ್ಲಿ ಮಾತ್ರವಿರುವುದೇ ನಿಜವಾದ ಪ್ರಮಾಣ.

ಈ ವಿವೇಕವಿಲ್ಲದೆ ಬೆಳಗಾವಿ ಸೀಮೆಯ ನುಡಿಯನ್ನೆಲ್ಲ ಮರಾಠೀಮಿಶ್ರವೆಂದು ತಳ್ಳಿಹಾಕುವ ಪರಿಪಾಠವು ನಮ್ಮಲ್ಲಿದೆ. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಒಕ್ಕುಂದವು ಈ ಜಿಲ್ಲೆಯದೇ ಎಂಬುದು ಮರೆತುಹೋಗಿದೆ. ಅಪರಾಳ ತಮ್ಮಣ್ಣನಿಂದ ಮೊದಲಾಗಿ ಕುಲಗೋಡ ತಮ್ಮಣ್ಣನಿಂದ ಸಂಸ್ಕಾರ ಪಡೆದ ಶ್ರೀಕೃಷ್ಣಪಾರಿಜಾತವನ್ನು ನೋಡಿದರೂ ಸಾಕು. ಕಥೆ ಪುರಾಣದ್ದು, ರಾಗಗಳು ಹಿಂದುಸ್ತಾನಿ, ಸಂವಾದವು ಈ ನಾಡಿನ ಆಡುಮಾತು. ಕೌಜಲಗಿ ನಿಂಗಮ್ಮನವರು ಆ ಆಟದಲ್ಲಿ ಕೀರ್ತಿ ಪಡೆದುದು ಈ ಮಿಶ್ರಣವನ್ನು ಕಳೆದಲ್ಲ, ಅದನ್ನು ಸಾಧಿಸಿ.

ಆದುದರಿಂದ, ಬೋಧಕರು ವಿದ್ಯಾರ್ಥಿಗೆ ಗ್ರಾಂಥಿಕ ರೂಪವನ್ನು ಕಲಿಸುವುದು ಯುಕ್ತವೇ. ಅವನ ಮನೆಮಾತನ್ನು ದೋಷವೆಂದು ಕಲಿಸುವುದು ಅಯುಕ್ತ. ಕುಪವಾಡದ ಪ್ರಬಂಧವು ಸಂಜ್ಞೆಯಲ್ಲಿ ಎಡವಿದರೂ, ಸಂಕರವು ನಾಶವಲ್ಲವೆಂಬುದನ್ನು ಸ್ಥಾಪಿಸಿದೆ. ಅದು ಉಳಿಸಿದ ತುಲನೆಯ ಕಾರ್ಯವನ್ನು ಪೂರೈಸುವುದು ಕನ್ನಡ ವಿದ್ವಾಂಸರ ಹೊಣೆ.